ಕೊನೆಯ ಬಸ್ಸಿನ ಕ್ಲೈಮ್ಯಾಕ್ಸುಗಳು

ಎರಡು ಸಾವಿರದ ಇಸವಿ ಕಾಲಿಟ್ಟರೆ ಜಗತ್ತಿನ ಕಂಪ್ಯೂಟರುಗಳೆಲ್ಲ ಒಮ್ಮೆಲೇ ಕೆಟ್ಟು ಪ್ರಳಯವಾಗುತ್ತದೆಂದು ಪತ್ರಿಕೆಗಳು ಹೆದರಿಸಿದ್ದವು. ಮೋರಟಗಿಯಲ್ಲಿ ಆಗ ಕಂಪ್ಯೂಟರೇ ಇರಲಿಲ್ಲ. ಆದ್ದರಿಂದ ನಮ್ಮೂರಿಗೆ ಪ್ರಳಯ ತಡವಾಗಿ, ಡಿಸೆಂಬರಿನಲ್ಲಿ, ಕೇಬಲ್ಲಿನ ಮೂಲಕ ಬಂತು. ಬಂದದ್ದು ನೇರ ನನ್ನ ಮನೆಗೆ. ಅದರ ಕತೆಯನ್ನು ಹಿಟ್ಟು ಮೆತ್ತಿದ ಕೈಯಲ್ಲೇ ಹೇಳುತ್ತಿದ್ದೇನೆ, ಕ್ಷಮಿಸಿ.

ನಾನು ಇಲ್ಲಿನ ಶಾಲೆಯ ಮಾಸ್ತರ. ಆ ವರ್ಷ ನಾನೂ ನನ್ನ ಹೆಂಡತಿ ರಾಜೇಶ್ವರಿಯೂ ಸಿಂದಗಿಯ ಟಾಕೀಜಿನಲ್ಲಿ ಹದಿನಾಲ್ಕು ಸಿನಿಮಾ ನೋಡಿದೆವು. ಒಂದರ ಕೊನೆಯನ್ನೂ ನೋಡಲಿಲ್ಲ. ಸಂಜೆಯ ಆಟ ಮುಗಿಯುವುದು ಒಂಬತ್ತಕ್ಕೆ. ಮೋರಟಗಿಯ ಕೊನೆಯ ಬಸ್ಸು ಹೊರಡುವುದು ಎಂಟೂವರೆಗೆ. ತೆರೆಯ ಮೇಲೆ ನಾಯಕನ ತಾಯಿಯನ್ನು ಕಂಬಕ್ಕೆ ಕಟ್ಟಿದರೆಂದರೆ ಸಾಕು, ನಮ್ಮೂರವರೆಲ್ಲ ಎದ್ದು ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದೆವು. (ನಮ್ಮ ಪಾಲಿಗೆ ಆ ತಾಯಂದಿರು ಇನ್ನೂ ಕಂಬದಲ್ಲೇ ಇದ್ದಾರೆ.)

ಮೊದಲ ಸಿನಿಮಾದ ದಿನ ಬಸ್ಸಿನಲ್ಲಿ ರಾಜೇಶ್ವರಿ ಕೇಳಿದಳು, "ಆಖರಿಗೆ ಆ ಹೆಣ್ಮಗಳು ಏನಾದಳ್ರಿ?"

ಪಾಪ ಎನಿಸಿತು. "ಇಂಟರ್ವಲ್‌ನ್ಯಾಗ ಗೇಟ್‌ಕೀಪರ್ ಹೇಳಿದಾ. ಗಂಡ ಹೇಳಿದಂಗ ಕೇಳಿ ಸುಖದಿಂದ ಇದ್ದಳಂತ."

ಅವಳು ನಂಬಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ನನ್ನೊಳಗಿನ ನಿರ್ದೇಶಕ ಎಚ್ಚರಾದ.

ಮುಂದಿನ ಹನ್ನೊಂದು ತಿಂಗಳು ನನ್ನ ಸುವರ್ಣಯುಗ. ನಾಗರಪಂಚಮಿಯ ಹೊತ್ತಿಗೆ ನೋಡಿದ ಸಿನಿಮಾದ ನಾಯಕಿ, ನನ್ನ ಕೃಪೆಯಿಂದ, ತವರಿಗೆ ಹೋಗುವುದನ್ನು ಬಿಟ್ಟಳು. ತಕ್ಷಣ ಅವಳ ಗಂಡನಿಗೆ ಬಡ್ತಿ ಸಿಕ್ಕಿತು. ಪ್ರತಿ ವರ್ಷ ನಾಲತವಾಡದ ತವರಿನಲ್ಲಿ ಹದಿನೈದು ದಿನ ಜೋಕಾಲಿ ಆಡುತ್ತಿದ್ದ ರಾಜೇಶ್ವರಿ ಆ ಸಲ ಹೋಗಲೇ ಇಲ್ಲ. ದಸರೆಯ ಸಿನಿಮಾದಲ್ಲಿ ನಾಯಕಿ ಮಿಕ್ಸರಿನ ಆಸೆ ತೊರೆದು ಒಳ್ಳುಕಲ್ಲಿನಲ್ಲೇ ಚಟ್ನಿ ಅರೆದಳು. ಗಂಡ ನೂರು ವರ್ಷ ಬಾಳಿದ. ಅಂದಿನಿಂದ ನಮ್ಮ ಮನೆಯಲ್ಲೂ ಮಿಕ್ಸರಿನ ಮಾತು ನಿಂತಿತು. ಊಟಕ್ಕೆ ಕೂತಾಗ ನನ್ನ ತಾಯಿ ರೇವವ್ವನೂ ಈ ಮುಕ್ತಾಯಗಳನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಡಿಸೆಂಬರಿನಲ್ಲಿ ನಮ್ಮೂರ ಹುಡುಗ ಆರಿಫ ಊರಿಗೆ ಕೇಬಲ್ ಎಳೆದ. ಟಂಟಂ ಆಟೋದ ಮೇಲೆ ಮೈಕು ಕಟ್ಟಿ ಸಾರಿದ: ಸಿಂದಗಿಯಲ್ಲಿ ಓಡಿದ ವರ್ಷದ ಸಿನಿಮಾಗಳೆಲ್ಲ ದಿನಕ್ಕೊಂದು, ಪೂರ್ತಿಯಾಗಿ! ಆ 'ಪೂರ್ತಿಯಾಗಿ' ನನ್ನ ಎದೆಗೆ ನಾಟಿತು. ಓಡಿಹೋಗಿ ಅವನ ಗದ್ದ ಹಿಡಿದು ಬೇಡಿಕೊಂಡೆ.

"ಆರಿಫ, ಕಡೀ ಅರ್ಧಾ ತಾಸು ವಾಯರ್ ಕೆಟ್ಟೈತಿ ಅಂತ ಬಂದ್ ಮಾಡೋ ಮಾರಾಯಾ."

"ಏನ್ ಮಾತಾಡ್ತೀರಿ ಮಾಸ್ತರ? ಸಿನಿಮಾದ ಸುರುವಾತು ಇಡೀ ಮೋರಟಗಿಗೇ ಗೊತ್ತೈತಿ. ಮಂದಿ ಕನೆಕ್ಷನ್ ತಗೊಂಡಿದ್ದು ಆಖರಿ ನೋಡಾಕ್ರಿ!"

ಮೊದಲ ದಿನದ ಸಿನಿಮಾದಲ್ಲಿ ನಾಯಕಿ ಗಂಡನ ಪಿಸ್ತೂಲು ಕಸಿದುಕೊಂಡು ತಾನೇ ಖಳನನ್ನು ಕೊಂದಳು. ಗಂಡ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದ. ರಾಜೇಶ್ವರಿ ಮೆಲ್ಲಗೆ ನನ್ನತ್ತ ತಿರುಗಿದಳು. ಎರಡನೆಯದರಲ್ಲಿ ನಾಯಕಿ ತವರಿಗೆ ಹೋಗಿ ಕೂತಳು. ಗಂಡ ಅತ್ತೆಯ ಕಾಲು ಹಿಡಿದು ಕರೆತಂದ. ಮೂರನೆಯದರಲ್ಲಂತೂ ಒಳ್ಳೂ ಇಲ್ಲ, ಚಟ್ನಿಯೂ ಇಲ್ಲ.

"ಗೇಟ್‌ಕೀಪರ್ ಹಂಗ ಹೇಳಿದ್ನಲ್ರಿ?"

"ಅವಗ ವಯಸ್ಸಾಗೇತಿ. ಮರತಿರಬೇಕು."

"ಮೂರೂ ಮರತಾನ?"

ನಾನು ಟೀವಿಯ ಮೇಲಿನ ಧೂಳು ಒರೆಸತೊಡಗಿದೆ. ಅವಳು ಜಗಳಾಡಲಿಲ್ಲ, ಅದೇ ಹೆಚ್ಚು ದಣಿಸಿತು. ಬೈದರೆ ಒಂದು ತಾಸಿನಲ್ಲಿ ಮುಗಿಯುತ್ತದೆ. ಸುಮ್ಮನೆ ನೋಡಿದರೆ ಹದಿನಾಲ್ಕು ದಿನ.

ಕೊನೆಯ ದಿನದ ಸಿನಿಮಾ, ಸುಳ್ಳುಗಾರ ಗಂಡನೊಬ್ಬನದು. ಅವನು ಹೆಂಡತಿಯ ಮುಂದೆ ಸಿಕ್ಕಿಬಿದ್ದು ತಲೆ ತಗ್ಗಿಸಿದ ಹೊತ್ತಿಗೆ ಕರೆಂಟು ಹೋಯಿತು. ನನ್ನ ಮನೆದೇವರು ಕಣ್ಣು ಬಿಟ್ಟಿದ್ದ! ತಾಯಿ ಕತ್ತಲಲ್ಲೇ ಕೇಳಿದಳು, "ಮುಂದ ಏನಾತೋ ಯಪ್ಪಾ?"

ನಾನು ಗಂಟಲು ಸರಿಪಡಿಸಿಕೊಂಡೆ.

"ತಡೀರಿ," ಎಂದಳು ರಾಜೇಶ್ವರಿ ಕಂದೀಲು ಹಚ್ಚುತ್ತ. "ಇದರದ್ದು ನನಗ ಗೊತ್ತೈತಿ."

"ನಿನಗ ಯಾರು ಹೇಳಿದ್ರು?"

"ಗೇಟ್‌ಕೀಪರ್ರ." ಅತ್ತೆಯ ಕಡೆ ತಿರುಗಿ ಮುಂದುವರಿಸಿದಳು, "ಅವಗ ಭಾಳ ನಾಚಿಕಿ ಆತಂತ್ರಿ ಅತ್ತಿ. ಮಿಕ್ಸರ್ ತಂದು ಕೊಟ್ಟಾ. ಹೇಣ್ತಿನ್ನ ಹದಿನೈದು ದಿನ ತವರಮನಿಗಿ ಕಳಿಸಿದಾ. ಆಕಿ ಬರೂತನಕ ತನ್ನ ಕೈಯಾರೆ ರೊಟ್ಟಿ ಬಡದು ತಾಯಿಗಿ ಹಾಕಿದಾ. ತಾಯಿ ಅವನ ತಲಿ ಮ್ಯಾಲೆ ಕೈ ಇಟ್ಟು, ಇಂಥಾ ಮಗ ಊರಾಗಿಲ್ಲ ಅಂದಳಂತ."

ತಾಯಿ ಕಣ್ಣೊರೆಸಿಕೊಂಡಳು. "ಛಲೋ ಸಿನಿಮಾ ನೋಡವಾ. ಇಷ್ಟ್ ದಿನ ಇವ ಹೇಳಿದ್ದಕ್ಕಿಂತ ಛಲೋ ಐತಿ."

ಕರೆಂಟು ಬಂದಾಗ (ಆರಿಫನ ಮನೆಯಲ್ಲಿ ಜನರೇಟರ್ ಇದ್ದುದರಿಂದ ಅಲ್ಲಿ ಸಿನಿಮಾ ನಡೆದೇ ಇತ್ತು) ಟೀವಿಯ ತುಂಬ ಒಂದೇ ಶಬ್ದ: ಶುಭಂ.

ಇದೀಗ ಜನವರಿ. ರಾಜೇಶ್ವರಿ ನಾಲತವಾಡದಲ್ಲಿದ್ದಾಳೆ. ಮಿಕ್ಸರ್ ಬಂದಿದೆ; ಅದು ಚಟ್ನಿ ಅರೆಯುತ್ತದೆ, ರೊಟ್ಟಿ ಬಡಿಯುವುದಿಲ್ಲ. ಇಂದು ಆರನೆಯ ದಿನ. ಆರನೆಯ ರೊಟ್ಟಿ ಹರಿದಾಗ ಆರಿಫ ಬಾಗಿಲಿಗೆ ಬಂದ. ನನ್ನ ಅವತಾರ ಕಂಡು ಸಂಗತಿ ಕೇಳಿದ; ಹೇಳಿದೆ.

"ಯಾರ್ ಹೇಳಿದ್ರಿ ನಿಮಗ? ನಾ ಪೂರ್ತಿ ನೋಡೇನ್ರಿ. ಆ ಸಿನಿಮಾದಾಗ ಹೇಣ್ತಿನಽ ಗಂಡಗ ಮಾಫ್ ಮಾಡಿ, ಬಿಸಿ ಬಿಸಿ ರೊಟ್ಟಿ ಮಾಡಿ ಹಾಕ್ತಾಳ್ರಿ!"

ನಾನು ಹಿಟ್ಟಿನ ಕೈ ಮುಗಿದು, ಕಣ್ಣಲ್ಲಿ ನೀರು ತುಂಬಿಕೊಂಡು ತಾಯಿಯತ್ತ ನೋಡಿದೆ. ಅವಳು ತನ್ನ ಊಟದ ಖಾಲಿ ಗಂಗಾಳವನ್ನು ನನ್ನ ಮುಂದೆ ಸರಿಸಿದಳು.

"ಅದು ನಿಮ್ಮನ್ಯಾಗ ಆರಿಫ. ನಮ್ಮನ್ಯಾಗ ಬ್ಯಾರೆ ಮುಗದೈತಿ. ನೀ ಬಡಿಯೋ ತಮ್ಮಾ, ಒಲಿ ಆರಾಕತ್ತೈತಿ."