ಕೊಪ್ಪದಿಂದ ಹೊರಟ ಹದಿನಾಲ್ಕು ಸೂಟ್‌ಕೇಸು

ಮಳೆಗಾಲದಲ್ಲಿ ನಮ್ಮ ಕಡೆಯವರನ್ನು ಪ್ರವಾಸಕ್ಕೆ ಹೊರಡಿಸಿದರೆ ಏನಾದರೊಂದು ಆಗದೆ ಇರುವುದಿಲ್ಲ; ಆಗಿಲ್ಲವೆಂದರೆ ಅವರಿನ್ನೂ ಪೆಟ್ಟಿಗೆ ಬಿಚ್ಚಿಲ್ಲ ಎಂದರ್ಥ. ನನಗೆ ಕೊಪ್ಪದಲ್ಲಿ ಒಂದು ಸಣ್ಣ ಟ್ರಾವೆಲ್ಸ್ ಇದೆ. ಅಡಿಕೆ ತೋಟಕ್ಕೆ ಮೊದಲ ಸುತ್ತಿನ ಔಷಧಿ ಹೊಡೆದು ಮುಗಿಸಿ, ಮಳೆ ನೋಡಿ ನೋಡಿ ಬೇಸತ್ತವರನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುವುದು ನನ್ನ ಕಸುಬು.

ಹಿಂದಿನ ಎರಡು ತಂಡಗಳ ಮೇಲೂ ಹೋಟೆಲಿನವರು ದೂರು ಬರೆದಿದ್ದರು. ಈ ಸಲ ಥಾಯ್ಲೆಂಡಿನ ಫುಕೆಟ್‌ಗೆ ಹೊರಡುವ ಮುಂಚೆ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು: “ಇನ್ನೊಂದು ದೂರು ಬಂದ್ರೆ ಆಫೀಸಿನ ಬಾಗಿಲು ಹಾಕಿ, ನರಸಿಂಹರಾಜಪುರಕ್ಕೆ ಹೋಗಿ ನನ್ನಣ್ಣನ ಗೊಬ್ಬರದ ಅಂಗಡೀಲಿ ಕೂತ್ಕೊಳ್ಳಿ.” ಆ ಭಾವನ ಪಕ್ಕ ನಾನು ಮದುವೆ ಊಟದ ಪಂಕ್ತಿಯಲ್ಲೂ ಕೂರಲಾರೆ. ನಿಜಕ್ಕೂ ಹೆದರಿದೆ. ಹದಿನಾಲ್ಕು ಮಂದಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, “ಅಲ್ಲೂ ಮಳೆಗಾಲವೇ, ಆದ್ರೆ ಸೆಕೆ. ತೆಳು ಬಟ್ಟೆ ನಾಲ್ಕು ಜೊತೆ, ಒಂದು ಕೊಡೆ. ಅಷ್ಟೇ ಸಾಕು” ಎಂದೆ. ಎಲ್ಲರೂ “ಆಯ್ತು” ಎಂದರು. ನಮ್ಮಲ್ಲಿ ಆಯ್ತು ಅಂದರೆ ಕೇಳಿಸಿತು ಅಂತ ಮಾತ್ರ.

ಬಿಳಿ ಪುಡಿ

ವಿಮಾನ ನಿಲ್ದಾಣದಲ್ಲಿ ಬಸರೀಕಟ್ಟೆಯ ಹಿರಿಯರೊಬ್ಬರ ಚೀಲ ತಡೆದರು. ಕಾಲುಚೀಲಗಳ ನಡುವೆ ಒಂದು ಬಟ್ಟೆಯ ಗಂಟು, ಗಂಟಿನಲ್ಲಿ ಬಿಳಿ ಪುಡಿ. ತಪಾಸಣೆಯವನ ಮುಖ ಬಿಗಿಯಾಯಿತು. ನನಗೆ ಗೊಬ್ಬರದ ವಾಸನೆ ಬರತೊಡಗಿತು.

“ಏನಿದು?”

“ಸುಣ್ಣ, ಹೊಗೆಸೊಪ್ಪು ಸಾರ್. ಇಂಬಳಕ್ಕೆ.”

ಪಾಪ, ಅವನು ಯಾವ ಬಯಲುಸೀಮೆಯವನೋ, ಇಂಬಳ ಅಂದರೇನೆಂದು ಗೊತ್ತಿಲ್ಲ. ರಕ್ತ ಹೀರುವ ಹುಳ ಎಂದು ನಾನು ವಿವರಿಸುವಷ್ಟರಲ್ಲಿ ಹಿರಿಯರು ಪ್ಯಾಂಟು ಮೇಲೆತ್ತಿದರು. ಘಾಟಿಯಲ್ಲಿ ಗಾಡಿ ನಿಲ್ಲಿಸಿದಾಗ ಪೊದೆಯ ಕಡೆ ಹೋಗಿ ಬಂದಿದ್ದರಲ್ಲ, ಮೀನಖಂಡದಲ್ಲಿ ಒಂದು ದ್ರಾಕ್ಷಿ ಗಾತ್ರದ ಇಂಬಳ ಆರಾಮಾಗಿ ಕೂತಿತ್ತು. ಹಿರಿಯರು ಚಿಟಿಕೆ ಪುಡಿ ತೆಗೆದು ಅದಕ್ಕೆ ಮುಟ್ಟಿಸಿದರು. ಅದು ತಪ್ಪನೆ ತಪಾಸಣೆಯವನ ಬೂಟಿನ ಪಕ್ಕ ಬಿತ್ತು. ಅವನು ಎರಡು ಹೆಜ್ಜೆ ಹಿಂದಕ್ಕೆ ಹಾರಿ, “ಹೋಗಿ, ಹೋಗಿ!” ಎಂದ.

ಹಿರಿಯರು ಹೋಗಲಿಲ್ಲ. “ನೋಡಿದ್ರಲ್ಲ ಸಾರ್, ಹ್ಯಾಗೆ ಕೆಲಸ ಮಾಡ್ತದೆ! ನಿಮಗೂ ಒಂದು ಸ್ವಲ್ಪ ಕೊಡಲಾ?”

ಹೊಗೆ

ನಮ್ಮ ಕೊಪ್ಪದ ಹತ್ತಿರದ ಹಳ್ಳಿ ನಾರ್ವೆಯ ಗಂಡ ಹೆಂಡತಿ ತಮ್ಮ ಬಟ್ಟೆಯನ್ನೆಲ್ಲ ಒಂದು ವಾರ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ ತಂದಿದ್ದರು. ನಮಗೆ ಆ ವಾಸನೆ ಗೊತ್ತೇ ಆಗುವುದಿಲ್ಲ. ಮಳೆಗಾಲವಿಡೀ ನಾವೆಲ್ಲ ಹಾಗೇ ನಾರುತ್ತಿರುತ್ತೇವೆ. ಫುಕೆಟ್‌ನ ಹೋಟೆಲಿನಲ್ಲಿ ಅವರು ಸೂಟ್‌ಕೇಸು ತೆರೆದರು. ನೀರಿನ ಬಾಟಲಿ ಇಡಲು ಬಂದ ಕೆಲಸದವಳು ಮೂಗೆಳೆದಳು, ಕಣ್ಣರಳಿಸಿದಳು, ಓಡಿದಳು. ತಿರುಗಿ ಬರುವಾಗ ಜೊತೆಗೆ ಇಬ್ಬರಿದ್ದರು, ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರು ಇತ್ತು. ಬೆಂಕಿ ಎಲ್ಲಿ, ಬೆಂಕಿ ಎಲ್ಲಿ ಎಂದು ಮಂಚದ ಕೆಳಗೆಲ್ಲ ಹುಡುಕಿದರು.

ಎದುರು ಕೋಣೆಯಿಂದ ನಾನು ಎದ್ದುಬಿದ್ದು ಓಡಿಬಂದರೆ, ಗಂಡ ನಿಧಾನಕ್ಕೆ ಹೇಳಿದರು: “ಗಾಬರಿ ಬೇಡ ಅಂತ ಹೇಳು ಮಾರಾಯ. ಬೆಂಕಿ ನಾರ್ವೆಲೇ ಉಂಟು. ನಾವು ಬಟ್ಟೆ ಮಾತ್ರ ತಂದದ್ದು.”

ಮೇಷ್ಟ್ರ ಸ್ವೆಟರು

ಕೆರೆಕಟ್ಟೆಯ ನಿವೃತ್ತ ಮೇಷ್ಟ್ರಿಗೆ ನನ್ನ ಫೋನಿನಲ್ಲಿ ಕೇಳಿಸಿದ್ದು ‘ಮಳೆಗಾಲ’ ಒಂದೇ. ಕೆರೆಕಟ್ಟೆಯವರಿಗೆ ಮಳೆ ಅಂದರೆ ಚಳಿ. ಅವೆರಡೂ ಬೇರೆ ಬೇರೆ ಬರಬಹುದು ಎಂಬ ಕಲ್ಪನೆಯೇ ಇಲ್ಲ. ಮರುದಿನ ಸಂತೆ ನೋಡಲು ಹೋದಾಗ ಮಳೆ ಸುರಿಯಿತು. ಅಲ್ಲಿಯವರು ಅರ್ಧ ಚಡ್ಡಿಯಲ್ಲಿ ನಗುತ್ತಾ ನೆನೆಯುತ್ತಿದ್ದರೆ, ನಮ್ಮ ಮೇಷ್ಟ್ರು ಸ್ವೆಟರು, ಮಂಕಿ ಕ್ಯಾಪು, ಗಂಬೂಟು, ಅದರ ಮೇಲೆ ಉದ್ದನೆಯ ರೈನ್‌ಕೋಟು ಹಾಕಿಕೊಂಡು ಇಳಿದರು. ಐದೇ ನಿಮಿಷ. ಹೊರಗಿಗಿಂತ ಒಳಗೇ ಹೆಚ್ಚು ಒದ್ದೆಯಾದರು. ಕೈ ಚಾಚಿ ಹನಿ ಹಿಡಿದು ನೋಡಿ, ನನ್ನ ಕಡೆ ತಿರುಗಿದರು.

“ಇದೆಂತ ಮಾರಾಯ, ಇಲ್ಲಿ ಮಳೆನೂ ಕಾಸಿ ಬಿಡ್ತಾರಾ?”

ಬಿಸಿಲು

ಮೂರನೆಯ ದಿನ ಮೋಡ ಸರಿದು ಬಿಸಿಲು ಬಂತು. ನಾನು ಕಾಫಿ ಕುಡಿಯುತ್ತಿದ್ದಾಗ ಮ್ಯಾನೇಜರು ಕೆಂಪಗಾಗಿ ಬಂದು ಈಜುಕೊಳದ ಕಡೆ ಕೈ ತೋರಿಸಿದ. ನೋಡಿದೆ. ಕಾಫಿ ಅಲ್ಲೇ ಬಿಟ್ಟು ಓಡಿದೆ.

ಕೊಳದ ಸುತ್ತ ಬಿಳಿಯರು ಮಲಗುವ ಕುರ್ಚಿಗಳ ಮೇಲೆಲ್ಲ ಸೀರೆ, ಪಂಚೆ, ಲಂಗ, ಹೊದಿಕೆ, ಎರಡು ಜೊತೆ ಶಾಲೆಯ ಯೂನಿಫಾರ್ಮು. ನಡುವೆ ಶೃಂಗೇರಿಯ ಅಕ್ಕ ಒಂದು ಪಂಚೆ ಝಾಡಿಸುತ್ತಿದ್ದರು.

“ಅಕ್ಕ, ಇದು ಯಾರ ಪಂಚೆ?”

“ನಮ್ಮನೆಯವ್ರದ್ದು.”

“ಅವರು ಬಂದೇ ಇಲ್ವಲ್ಲ!”

“ಅವ್ರು ಬರದಿದ್ರೆಂತ, ಪಂಚೆ ಒಣಗ್ಬೇಕಲ್ಲ ತಮ್ಮ. ಊರಲ್ಲಿ ಬಿಸಿಲು ಕಾಣದೆ ತಿಂಗಳಾತು. ಸೆಕೆ ಅಂತ ನೀನೇ ಹೇಳಿದ್ಯಲ್ಲ.”

ಅಕ್ಕ ಒಬ್ಬರೇ ಅಲ್ಲ. ತಂಡದ ಎಲ್ಲ ಹೆಂಗಸರೂ ಮನೆಯಲ್ಲಿ ಒಣಗದ ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ಮ್ಯಾನೇಜರು ಆಗಲೇ ದೂರಿನ ಕಾಗದ ಬರೆಯಲು ಕೂತಿದ್ದ. ನಾನು ಬೇಡಿಕೊಂಡೆ, ಅವನು ತಲೆ ಎತ್ತಲಿಲ್ಲ. ಭಾವನ ಪಕ್ಕದ ಸ್ಟೂಲು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣಿಸಿತು.

ಅಷ್ಟರಲ್ಲಿ ಅಕ್ಕ ಮೂಗು ಮೇಲೆತ್ತಿ ಗಾಳಿ ಮೂಸಿ, “ಬಂತೇ!” ಎಂದು ಕೂಗಿದರು. ಆಕಾಶದಲ್ಲಿ ಅಂಗೈಯಷ್ಟೂ ಮೋಡವಿರಲಿಲ್ಲ. ಆದರೆ ಹೆಂಗಸರು ಪ್ರಶ್ನೆ ಕೇಳಲಿಲ್ಲ. ಎರಡೇ ನಿಮಿಷದಲ್ಲಿ ನಮ್ಮ ಬಟ್ಟೆ ಒಳಗೆ. ಅದೇ ಭರದಲ್ಲಿ ಹಿತ್ತಲಲ್ಲಿ ಹೋಟೆಲಿನವರು ಹರವಿದ್ದ ಟವೆಲ್ಲು, ಹಾಸು, ಕುರ್ಚಿಯ ಮೆತ್ತೆಗಳೂ ಒಳಗೆ. ಒಣಗಿದ ಬಟ್ಟೆ ನೆನೆಯುವುದನ್ನು ನಮ್ಮವರು ಶತ್ರುವಿನ ಮನೆಯಲ್ಲೂ ನೋಡಲಾರರು. ಕೊನೆಯ ಮೆತ್ತೆ ಒಳಗೆ ಬಂತು, ಮಳೆ ಧೋ ಎಂದು ಸುರಿಯಿತು. ಹೋಟೆಲಿನ ಆಳುಗಳು ಆಗಿನ್ನೂ ಹಿತ್ತಲ ಬಾಗಿಲು ದಾಟಿರಲಿಲ್ಲ. ಹೆಂಗಸರು ನೆಲದ ಮೇಲೆ ಕೂತು ಎಲ್ಲವನ್ನೂ ಮಡಿಸಿ ಒಟ್ಟಿದರು.

ಮ್ಯಾನೇಜರು ಆ ರಾಶಿ ನೋಡಿದ, ಬರೆದದ್ದನ್ನು ಹರಿದ, ಹೊಸ ಕಾಗದ ತೆಗೆದ.

ಊರಿಗೆ ಬಂದು ಆ ಮೆಚ್ಚುಗೆಯ ಪತ್ರವನ್ನು ಹೆಂಡತಿಯ ಕೈಗಿಟ್ಟು, ಬಟ್ಟೆಯ ಕಥೆಯನ್ನೂ ಪೂರ್ತಿ ಹೇಳಿದೆ. ಅವಳು ಎರಡು ಸಲ ಓದಿದಳು. ಹೊರಗೆ ಮಳೆ ಬಿಟ್ಟಿರಲಿಲ್ಲ.

“ಮುಂದಿನ ತಂಡ ಯಾವಾಗ?” ಎಂದಳು.

ಕಸುಬು ಉಳಿಯಿತು, ಭಾವ ತಪ್ಪಿದ! “ಬರೋ ಸೋಮವಾರ” ಎಂದೆ.

ಅವಳು ಒಳಗೆ ಹೋಗಿ ಒದ್ದೆ ಜಮಖಾನದ ಸುರುಳಿಯೊಂದನ್ನು ಎರಡು ಕೈಯಲ್ಲಿ ಹೊತ್ತು ತಂದು ನನ್ನ ಸೂಟ್‌ಕೇಸಿನ ಮೇಲೆ ಧೊಪ್ಪೆಂದು ಹಾಕಿದಳು.

“ನೀವು ಉಟ್ಟ ಬಟ್ಟೇಲೇ ಸುಧಾರಿಸಿ.”