ಅಡ್ಡಸಾಲಿಗೊಬ್ಬ ಗಂಡು

ನನಗೆ ಮಾತಾಡುವುದಕ್ಕಿಂತ ಖಾನೆ ಎಳೆಯುವುದು ಸುಲಭ. ಚಳ್ಳಕೆರೆಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಮಾತೃಕೆಯಲ್ಲಿ, ಅಂದರೆ ಮ್ಯಾಟ್ರಿಕ್ಸಿನಲ್ಲಿ, ಮೊದಲು ಅಡ್ಡಸಾಲು, ಆಮೇಲೆ ಕಂಬಸಾಲು ಎಂದು ಪ್ರತಿ ವರ್ಷ ಹೇಳಿ ಹೇಳಿ, ಬಸ್ಸಿನಲ್ಲಿ ಸೀಟು ಹುಡುಕುವಾಗಲೂ ನನ್ನದು ಅದೇ ಕ್ರಮ. ಹೀಗಾಗಿ, ನನ್ನನ್ನು ನೋಡಿಹೋದ ನಾಲ್ಕು ಗಂಡುಗಳ ಬಗ್ಗೆ ಮನೆಯಲ್ಲಿ ದಿನವೂ ಚರ್ಚೆ ನಡೆದಾಗ ನಾನು ಬಾಯಿ ತೆರೆಯದೆ ಒಂದು ಎಕ್ಸೆಲ್ ಹಾಳೆ ಮಾಡಿ ಪ್ರಿಂಟ್ ತಂದೆ. ಅಡ್ಡಸಾಲಿಗೊಬ್ಬ ಗಂಡು, ಕಂಬಸಾಲುಗಳಲ್ಲಿ ಕೆಲಸ, ಹೊಲ, ಎತ್ತರ, ಸ್ವಭಾವ. ಭಾನುವಾರ ಸಂಜೆಯೊಳಗೆ ಇವರಲ್ಲಿ ಒಬ್ಬರಿಗೆ ಅಪ್ಪ ಮಾತು ಕೊಡಬೇಕಿತ್ತು.

ತೀರ್ಮಾನಕ್ಕೆಂದು ಮೊಳಕಾಲ್ಮೂರಿನಿಂದ ಅಪ್ಪನ ಅಕ್ಕ, ನನ್ನ ಸೋದರತ್ತೆ, ಬಂದರು. ಕನ್ನಡಕ ಏರಿಸಿ, ಹಾಳೆಯ ನೆತ್ತಿಯ ಮೇಲೆ ಬೆರಳಿಟ್ಟು ನೇರ ಕೆಳಕ್ಕೆ ಇಳಿದರು. “ಕೆಲಸ ಹಿರಿಯೂರಿನವಂದು ಇರ್ಲಿ. ಹೊಲ ಪರಶುರಾಂಪುರದವಂದು. ಎತ್ತರಕ್ಕೆ ಈ ಮೂರನೇ ಅಬ್ಬಾಯಿ. ಮುಗೀತಲ್ಲ?”

“ಅತ್ತೆ, ಅಡ್ಡ ಓದ್ಬೇಕು. ಒಂದು ಸಾಲು ಅಂದ್ರೆ ಒಬ್ಬ ಮನುಷ್ಯ. ಹಿಂಗೆ ಓದಿದ್ರೆ ಬರೋ ಗಂಡು ಎಲ್ಲೂ ಇಲ್ಲ.”

“ಇಲ್ಲದಿದ್ರೆ ಏನಾತು? ನಮ್ಮೂರಾಗೆ ಒಂದು ಸೀರೆ ಅಂಚು, ಇನ್ನೊಂದರ ಸೆರಗು ತೋರ್ಸಿ ಹೇಳಿದ್ರೆ ಹಂಗೇ ನೇದು ಕೊಡ್ತಾರೆ.”

“ಈ ಗಂಡನ್ನ ಯಾವ ಮಗ್ಗಕ್ಕೆ ಹಾಕ್ಸಾನ ಅತ್ಗೆ?” ಎಂದು ಅವ್ವ ಶೇಂಗಾ ಸುಲಿಯುತ್ತಲೇ ಕೇಳಿದಳು. ಅಪ್ಪ ನಗು ತಡೆಯಲು ಕೆಮ್ಮಿದರು.

ಅತ್ತೆ ನನ್ನ ಕಡೆ ತಿರುಗಿದರು. “ಹೋಗ್ಲಿ, ನೀನೇ ಹೇಳೇ. ಯಾವ ಸಾಲು?”

“ನಾಲ್ಕನೇದು.”

“ಅವಂದು ಅರ್ಧ ಖಾನೆ ಖಾಲಿ ಐತಲ್ಲಮ್ಮ” ಎಂದರು ಅಪ್ಪ.

ಖಾಲಿ ಇರಲೇಬೇಕು. ಅವರು ನನ್ನನ್ನು ನೋಡಲು ಬಂದ ದಿನ, ಮಾತಾಡಿಕೊಳ್ಳಿ ಎಂದು ನಮ್ಮಿಬ್ಬರನ್ನು ಒಳಕೋಣೆಯಲ್ಲಿ ಕೂರಿಸಿದಾಗ ನಾನೂ ಏನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಕಿಟಕಿಯಾಚೆ ಕುರಿಮಂದೆಯೊಂದು ಹಾದುಹೋಗುವುದನ್ನು ಪೂರ್ತಿ ನೋಡಿದೆವು. ನನಗೆ ಬೇಸರವಾಗಲಿಲ್ಲ. ಹಾಗೆ ಬೇಸರವಾಗದಿರುವುದಕ್ಕೆಂದು ನಾನು ಕಂಬಸಾಲು ಹಾಕಿರಲಿಲ್ಲ. ಇದನ್ನೆಲ್ಲ ವಿವರಿಸದೆ, “ನಾನೇ ಕೇಳಿ ತುಂಬ್ತೀನಿ” ಎಂದಷ್ಟೇ ಹೇಳಿದೆ. ಅಪ್ಪ ಅಂದೇ ಮಾತು ಕೊಟ್ಟರು.

ಮರುವಾರ ಆ ನಾಲ್ಕನೇ ಸಾಲಿನವರ ಫೋನ್ ಬಂತು. ಅವರ ಮನೆಯಲ್ಲೂ ಒಂದು ಹಾಳೆ ಮಾಡಿದ್ದರಂತೆ. ಅದರಲ್ಲಿ ಹುಡುಗಿಯರು ಕಂಬಸಾಲು, ಗುಣಗಳು ಅಡ್ಡಸಾಲು. “ನಿಮ್ಮ ಕಂಬದಾಗೆ, ಸ್ವಭಾವ ಅನ್ನೋ ಕಡೆ, ಅವ್ವ ‘ಜಂಬ’ ಅಂತ ಬರ್ಸಿದ್ಲು” ಎಂದರು. ಅದು ಜಂಬವಲ್ಲ, ಸಂಕೋಚ ಎಂದು ತಿಳಿಸಲು ನಾಲ್ಕು ಮಾತಾದರೂ ಬೇಕಿತ್ತು. ಒಂದೂ ಹೊರಡಲಿಲ್ಲ. ಆ ಕಡೆ ಅವರು ಕಾಯುತ್ತಿದ್ದರು. ಈ ಕಡೆ ನಾನು, ಅವರ ಅವ್ವ ಬರೆಸಿದ್ದನ್ನು ಖಚಿತಪಡಿಸುತ್ತಾ, ಸುಮ್ಮನೆ ನಿಂತಿದ್ದೆ.