ಜೋಕಾಲಿಗೆ ಎರಡು ಬಾಣ

ಬೈಲಹೊಂಗಲದಲ್ಲಿ ಇಪ್ಪತ್ತೆರಡು ವರ್ಷದಿಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿರುವ ನನಗೆ ಪಂಚಮಿ ಹಬ್ಬ ಬಂತೆಂದರೆ ಊಟದ ಚಿಂತೆ. ಹೆಂಡತಿ ಅನ್ನಪೂರ್ಣಾ ಜೋಕಾಲಿ ಆಡಲು ತವರು ಕಟಕೋಳಕ್ಕೆ ಹೋದರೆ ಹತ್ತು ದಿನ ಇತ್ತ ತಲೆ ಹಾಕುವುದಿಲ್ಲ. ಅಷ್ಟೂ ದಿನ ನಾನು ಬಡಿದ ರೊಟ್ಟಿಯನ್ನು ನಾನೇ ತಿನ್ನಬೇಕು. (ಹೋದ ವರ್ಷ ಒಂದನ್ನು ನಾಯಿಗೆ ಹಾಕಿದೆ. ಅದು ರೊಟ್ಟಿ ಮೂಸಿ, ನನ್ನ ಮುಖ ನೋಡಿ, ಹೊರಟುಹೋಯಿತು.)

ಆದ್ದರಿಂದ ಈ ವರ್ಷ ಘೋಷಿಸಿಬಿಟ್ಟೆ: "ಹಿತ್ತಲದ ಬೇವಿನ ಗಿಡಕ್ಕ ನಾನ ಜೋಕಾಲಿ ಕಟ್ಟತೇನಿ. ನೀ ಊರಿಗೆ ಹೋಗೂದು ಬ್ಯಾಡ."

"ನಿಮಗ ಪಾಯಜಾಮಾದ ಲಾಡಿ ಕಟ್ಟಾಕ ಬರೂದಿಲ್ಲ," ಎಂದಳು. "ಇರ್ಲಿ, ಕಟ್ರಿ. ಛಲೋ ಆತಂದ್ರ ಇಲ್ಲೇ ಇರತೇನಿ."

ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ಕೊಂಬೆಗೆ ಕಟ್ಟಿ, ಮಣೆ ಕೂರಿಸಿದೆ. ಅವಳು ಹಗ್ಗವನ್ನು ಮುಟ್ಟಿ ನೋಡಿದಳು.

"ನಿನ್ನಿತನಾ ಚಾದರ ಹೊತ್ತಿದ್ದ ಹಗ್ಗ ಇದು. ನಮ್ಮಪ್ಪ ಜೋಕಾಲಿಗಂತ ಬ್ಯಾರೆ ಹಗ್ಗಾನ ಹೊಸೀತಾನ್ರಿ."

ಮಾವ ಮಲಕಾಜಪ್ಪನ ಸುದ್ದಿ ಬಂದದ್ದೇ ನನಗೆ ಪಿತ್ತ ನೆತ್ತಿಗೇರಿತು. ಶಾಲೆಯ ಮೆಟ್ಟಿಲು ಹತ್ತದವರ ಮುಂದೆ ನಾನು ಸೋಲುವುದೇ? ಸೀಮೆಸುಣ್ಣ ತಂದು ಹಿತ್ತಲ ಗೋಡೆಯ ಮೇಲೆ ಸರಳ ಲೋಲಕದ ಚಿತ್ರ ಬರೆದೆ. ಒಂದು ಗೆರೆ, ತುದಿಗೊಂದು ಗುಂಡು, ಗುಂಡಿಗೆ ಎರಡು ಬಾಣ.

"ಕೆಳಗಿನ ಬಾಣ ಭೂಮಿ ಎಳೆಯೂದು, ಮ್ಯಾಲಿನ ಬಾಣ ಹಗ್ಗ ಎಳೆಯೂದು. ಎರಡೂ ಸಮ. ಗುಂಡು ಹೆಂಗ ಬೀಳ್ತೈತಿ ಹೇಳು?"

"ಗುಂಡು ಅಂದ್ರ ನಾನೇನು?"

"ಉದಾಹರಣಿ."

"ಹಂಗಾದ್ರ ಉದಾಹರಣಿಗೆ ನೀವ ಕುಂಡ್ರಿ."

ಕುಳಿತೆ. ಪೂರ್ತಿ ಐದು ನಿಮಿಷ ಅಲುಗಾಡದೆ ಕುಳಿತೆ. ಹಗ್ಗಕ್ಕೆ ಏನೂ ಆಗಲಿಲ್ಲ. ಹತ್ತು ದಿನದ ಬಿಸಿ ರೊಟ್ಟಿ ಕಣ್ಣ ಮುಂದೆ ಬಂತು.

"ಫೋಟೋ ತಗಸಾಕ ಕುಂತಂಗ ಕುಂತ್ರ ಜೋಕಾಲಿ ಆಗ್ತೈತೇನ್ರಿ? ಜೀಕ್ರಿ," ಎಂದು ಬೆನ್ನಿಗೊಂದು ನೂಕು ಕೊಟ್ಟಳು.

ಮೊದಲ ಜೀಕಿಗೆ ಅಂಗಿ ಹಾರಿತು. ಎರಡನೆಯದಕ್ಕೆ ಕಾಂಪೌಂಡಿನ ಆಚೆ ಪಕ್ಕದ ಮನೆಯ ಸೀತವ್ವ ಕಂಡಳು. ನನಗೆ ಹುರುಪು ಬಂದು ಮೇಲಿನ ತುದಿಯಿಂದಲೇ ಪಾಠ ಶುರು ಮಾಡಿದೆ: "ನೋಡು, ಈಗ ನನ್ನನ್ನ ನಡುವಿಗೆ ಎಳ್ಯಾಕ ಹತ್ತಿದ್ದು ನನ್ನ ಭಾರದ ಒಂದ ಪಾಲು..." ನಡುವಿಗೆ ಬಂದೆ. ಸರಿಯಾಗಿ ಅತ್ಯಂತ ಕೆಳಗಿನ ಬಿಂದುವಿನಲ್ಲಿ ಹಗ್ಗ ಹರಿಯಿತು. ಮಣೆ ಒಂದು ಕಡೆ, ಮಾಸ್ತರ ಒಂದು ಕಡೆ.

ಈಗ ನಾನು ಕಟಕೋಳದಲ್ಲಿ ಮಾವನ ಮನೆಯ ಕಟ್ಟೆಯ ಮೇಲೆ ಬೋರಲಾಗಿ ಮಲಗಿದ್ದೇನೆ. ಸೊಂಟಕ್ಕೆ ಬಿಸಿ ಉಪ್ಪಿನ ಶಾಖ. ಹೆಂಡತಿ ಹಬ್ಬ ಬಿಡಲು ತಯಾರಿಲ್ಲ, ನನ್ನನ್ನು ಬಿಟ್ಟುಬರುವಂತೆಯೂ ಇಲ್ಲ. ಉಂಡಿಯ ಡಬ್ಬಿಗಳ ಜೊತೆ ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಬಂದಳು. ಎದುರಿನ ಗಿಡದಲ್ಲಿ ಅವಳೂ ಅವಳ ದೊಡ್ಡವ್ವ ಮುದಕವ್ವನೂ ಒಂದೇ ಮಣೆಯ ಮೇಲೆ ಎದುರುಬದುರು ನಿಂತು ಜೀಕುತ್ತಿದ್ದಾರೆ. ಇಬ್ಬರೂ ಸೇರಿ ತೂಕದಲ್ಲಿ ನನ್ನ ಎರಡೂವರೆ ಪಟ್ಟು.

ಮಾವ ಬಂದು ಪಕ್ಕದಲ್ಲಿ ಕುಳಿತರು. "ಅಳಿಯಂದ್ರ, ಸುಮ್ನ ಕುಂತ ಭಾರಕ್ಕ ಹಗ್ಗ ಹೊಸಿಯೂದಲ್ರಿ. ಜೀಕಿ ಕೆಳಗ ಬಂದಾಗ ಹಗ್ಗಕ್ಕ ಭಾರ ಹೆಚ್ಚಾಗತೈತಿ. ಅದಕ್ಕ ಹೊಸೀಬೇಕು."

ಇದೇ ಮಾತನ್ನು ನಾನು ಪ್ರತಿ ವರ್ಷ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿ, ಬರೆಯದವರಿಗೆ ಮಂಗಳಾರತಿ ಮಾಡಿದ್ದೇನೆ. ಗೋಡೆಯ ಕಡೆ ಮುಖ ತಿರುಗಿಸಿದೆ.

ಗೋಡೆಯ ಮೇಲೆ ಹೆಂಡತಿ ಇದ್ದಿಲಿನಿಂದ ಬರೆದ ಚಿತ್ರವಿತ್ತು. ನನ್ನನ್ನು ನೋಡಲು ಬಂದವರಿಗೆಲ್ಲ ಅದನ್ನು ತೋರಿಸಿಯೇ ಅವಳು ನಾನು ಬಿದ್ದದ್ದನ್ನು ವಿವರಿಸುವುದು. ಒಂದು ಗುಂಡು, ಗುಂಡಿಗೆ ಮೀಸೆ, ಕೆಳಗೆ ಹೋಗುವ ಒಂದು ಬಾಣ. ಮೇಲಿನ ಬಾಣ ಇಲ್ಲ.

ಇಪ್ಪತ್ತೆರಡು ವರ್ಷದ ಚಟ, ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ.